ಚಹಾದ ಸಪ್ಪಳ

ನಾಸಿಕದ ಮನೆಯಲ್ಲೇ ಕೂತು ಪೈಠಣಿ ಸೀರೆಯಂಗಡಿಗಳಿಗೆ ಜಾಹೀರಾತು ರೂಪಿಸುವ ರಂಜನಿ ತನ್ನ ಮ್ಯಾಕ್‌ಗೆ ಹೊಸ ಇಮೇಲ್ ಸಾಫ್ಟ್‌ವೇರ್ ಹಾಕಿಕೊಂಡಳು. ಹಳೆಯದಕ್ಕಿಂತ ಚುರುಕು, ಕಿರಿಕಿರಿಯಿಲ್ಲ, ಸದ್ದೂ ಇಲ್ಲ. ಸಂಜೆ ದಿನದ ಕೆಲಸವನ್ನು ಸಂಭಾಜಿನಗರದ ಅಂಗಡಿಗೆ ಕಳಿಸಿ ಕಾದಳು. ಎಂದೂ ತಪ್ಪದ ಚಹಾ ಬರಲಿಲ್ಲ. ಸಿಡುಕುತ್ತ ಅಡುಗೆಮನೆಗೆ ಹೋದಳು.

“ಅತ್ತಿ, ಇವತ್ತ ಚಾ ಇಲ್ಲೇನ್ರಿ?”

ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಮಲಕವ್ವ ತಲೆ ಎತ್ತಲಿಲ್ಲ. “ದಿನಾ ಸಂಜಿಮುಂದ ನಿನ್ನ ಮಷಿನ್ ಸುಂಯ್ ಅಂತಿತ್ತು. ಕೆಲಸ ಮುಗೀತು ಅಂತ ಚಾಕ್ಕ ಇಡ್ತಿದ್ದೆ. ಇವತ್ತ ಸಪ್ಪಳನ ಬರಲಿಲ್ಲ.”

ರಂಜನಿ ಮರಳಿ ಬಂದು, ಸೆಟ್ಟಿಂಗ್ಸ್ ಎಲ್ಲ ತಡಕಾಡಿ, ಮೇಲ್ ಹೋಗುವಾಗಿನ ಸದ್ದನ್ನು ಆನ್ ಮಾಡಿಟ್ಟಳು.

ಮರುದಿನ ಭಾನುವಾರ, ಕೆಲಸವಿರಲಿಲ್ಲ. ಆದರೂ ಸಂಜೆ ಮ್ಯಾಕ್ ತೆರೆದು ತನಗೆ ತಾನೇ ಒಂದು ಖಾಲಿ ಮೇಲ್ ಕಳಿಸಿಕೊಂಡಳು. ಒಳಗೆ ಒಲೆ ಹೊತ್ತಿತು.