ಮಾನಿಟರಿನ ಮುಂದೆ ಕಿರುಬೆರಳು

ಎಸಿ ಗಾಳಿಗೆ ಕೇಬಲ್ಲಿನ ಹಳದಿ ಚೀಟಿ ಪಟಪಟ ಅನ್ನುತ್ತಿದೆ, ಅನ್ನಲಿ, ಪರದೆಯ ಮೇಲೆ ಮಾನಿಟರಿನ ಪ್ರಾಂಪ್ಟ್, ಏನಪ್ಪಣೆ ಎಂದು ಕೇಳುವ ಸಾಲು, ಬಂದು ಕೂತಿದೆ, ಬಂದೇ ಬರುತ್ತದೆಂದು ಹರಿಣಿಗೆ ಗೊತ್ತಿತ್ತು, ಡಿಸ್ಚಾರ್ಜ್ ಪಾರ್ಟಿಷನ್ ಮಲಗಿದರೆ ಕನ್ಸೋಲು ಅದರ ಕೈ ತಪ್ಪಿ ಮಾನಿಟರಿನ ಕೈಗೆ ಬರುತ್ತದೆ — ಯೂನಿಕ್ಸ್ ಸರ್ವರು ಒಂದೇ, ಒಳಗೆ ಎರಡು ಸಂಸಾರ, ಒಂದರಲ್ಲಿ ಆಸ್ಪತ್ರೆಯ ಡಿಸ್ಚಾರ್ಜ್ ಕೆಲಸ, ಇನ್ನೊಂದರಲ್ಲಿ ಲ್ಯಾಬು, ರಕ್ತನಿಧಿ, ಎರಡನ್ನೂ ಹೊತ್ತು ಕೂತ ಯಜಮಾನ ಈ ಮಾನಿಟರು, ಪರದೆಯಲ್ಲ, ಒಳಗಿನ ಪ್ರೋಗ್ರಾಮು, ಇವನ ಸ್ವಭಾವ ಇಡೀ ವಿಶಾಖಪಟ್ಟಣದಲ್ಲಿ ಅವಳಷ್ಟು ಬಲ್ಲವರು ಯಾರಿದ್ದಾರೆ, ಜಂಬ ಅನ್ನುತ್ತಾರೆ, ಅನ್ನಲಿ ಬಿಡು, ಇದ್ದದ್ದು ಇದ್ದ ಹಾಗೆ. ಸ್ಪೀಕರಿನಲ್ಲಿ ಮ್ಯಾನೇಜರ್ ರಾಮಮೋಹನ್, ವಿಜಯವಾಡದ ಶಾಖೆಯಿಂದ, ಅಮ್ಮಾ ಹರಿಣೀ, ಇಂಕಾ ಎಂತಸೇಪು, ಇನ್ನೂ ಎಷ್ಟು ಹೊತ್ತಮ್ಮಾ, ಕೌಂಟರಲ್ಲಿ ಜನ ಮೈಮೇಲೆ ಬರ್ತಿದ್ದಾರೆ, ರೀಬೂಟ್ ಕೊಟ್ಟುಬಿಡು, ರೀಬೂಟ್ — ಅಯ್ಯೋ ಮಾರಾಯ, ಪಾರ್ಟಿಷನ್ನಿನ ಒಳಗೆ ಕೊಟ್ಟರೆ ಅದೊಂದೇ ಬಿದ್ದು ಎದ್ದೀತು, ಇಲ್ಲಿ ಮಾನಿಟರಿಗೆ ಕೊಟ್ಟರೆ ಇಡೀ ಪೆಟ್ಟಿಗೆ ಮಗುಚಿಕೊಳ್ಳುತ್ತದೆ, ರಕ್ತನಿಧಿಯೂ ಸೇರಿ, ಹೋದ ವರ್ಷ ಪಕ್ಕದ ಸೀಟಿನ ಗೋಪಾಲಕೃಷ್ಣ ಮಾಡಿದ್ದೂ ಅದನ್ನೇ, ಪಾರ್ಟಿಷನ್ನಿನೊಳಗೆ ಇದ್ದೇನೆ ಅಂದುಕೊಂಡು ಮಾನಿಟರಿನಲ್ಲಿ ನಿಂತು ಒತ್ತಿದ ಪುಣ್ಯಾತ್ಮ, ಅವಳು ನಕ್ಕಿದ್ದೇ ನಕ್ಕಿದ್ದು, ಹೊಸಬರಿಗೆಲ್ಲ ಪಾಠ ಬೇರೆ, ಮೊದಲು ಪ್ರಾಂಪ್ಟ್ ಓದಿ, ಆಮೇಲೆ ಕೈ ಆಡಿಸಿ.

ಇವತ್ತಂತೂ ಆಗದು, ವಿಜಯವಾಡದ ಭವಾನಿಪುರಂ ಶಾಖೆಯ ಆಪರೇಷನ್ ಟೇಬಲ್ಲಿನ ಮೇಲೆ ಅತ್ತೆ ಇದ್ದಾರೆ, ಲಕ್ಷ್ಮೀಕಾಂತಮ್ಮ, ಅವರ ರಕ್ತ ಹೊಂದುತ್ತದೋ ಇಲ್ಲವೋ ಎಂಬ ರಿಪೋರ್ಟನ್ನು ಲ್ಯಾಬಿನವರು ಈ ಪೆಟ್ಟಿಗೆಯ ಇನ್ನೊಂದು ಸಂಸಾರದಲ್ಲಿ ಈಗ, ಈ ಗಳಿಗೆಯಲ್ಲೇ, ತುಂಬುತ್ತಿದ್ದಾರೆ, ಥಿಯೇಟರಿನ ಬಾಗಿಲ ಹೊರಗಿಂದ ಗಂಡ ಫಣಿಯ ಮೆಸೇಜು, ರಿಪೋರ್ಟ್ ಬರದೆ ರಕ್ತದ ಬ್ಯಾಗ್ ಕೊಡಲ್ವಂತೆ ಕಣೇ, ರಕ್ತ ನಿಲ್ತಿಲ್ಲ, ಭಯ ಆಗ್ತಿದೆ — ಭಯ ಬೇಡ ಫಣಿ, ನಾನಿದ್ದೀನಿ, ಆ ಪಾರ್ಟಿಷನ್ ಕಲ್ಲುಗುಂಡಿನ ಹಾಗಿದೆ, ಅದನ್ನು ಯಾರೂ ಮುಟ್ಟುವುದಿಲ್ಲ — ಮಂಗಳಗಿರಿಯ ಮನೆಯಲ್ಲಿ, ಮದುವೆಯಾದ ಹೊಸತು, ಅತ್ತೆ ಮಗ್ಗದ ಪಕ್ಕ ಕೂರಿಸಿಕೊಂಡು, ಇಲ್ಲಿ ಚೂಡು, ನೋಡು ಹರಿಣಿ, ಒಂದು ದಾರ ತುಂಡಾಯ್ತು ಅಂತ ಕಂಗಾರು ಪಡಬ್ಯಾಡ, ಗಾಬರಿ ಬ್ಯಾಡ, ಕಿರುಬೆರಳಲ್ಲಿ ಪಕ್ಕದ ಎಳೆಗಳನ್ನು ಮೆಲ್ಲಗೆ ಸರಿಸಿ ಹಿಡಿದು, ಹೆಬ್ಬೆರಳು ತೋರುಬೆರಳಲ್ಲಿ ಹೊಸೆದು, ಗಂಟು, ಮಿಕ್ಕ ಹಾಸು ಅಲುಗಲೇ ಇಲ್ಲ, ಆ ಕಿರುಬೆರಳು, ಅದರ ಬುಡದ ಬೆಳ್ಳಿ ಉಂಗುರ, ಇವತ್ತು ಥಿಯೇಟರಿಗೆ ಹೋಗುವಾಗ ಬಿಚ್ಚಿಸಿದರಂತೆ, ಫಣಿಯ ಜೇಬಿನಲ್ಲಿದೆ — ಹರಿಣೀ ವಿಂಟುನ್ನಾವಾ, ಕೇಳಿಸ್ತಿದೆಯಾ, ರೀಬೂಟ್, ರೀಬೂಟಮ್ಮಾ — ಕೇಳಿಸ್ತಿದೆ ಸರ್, ಆಯ್ತು ಸರ್, ಒಂದೇ ನಿಮಿಷ.

ಬೇಕಾದದ್ದು ಇಷ್ಟೇ, ವಿಪಾರ್‌ಲೋಡ್, ಪಕ್ಕದಲ್ಲಿ ಡಿಸ್ಚಾರ್ಜಿನ ಹೆಸರು, ಬಿದ್ದದ್ದೊಂದೇ ಏಳುತ್ತದೆ, ನಿದ್ದೆಗಣ್ಣಲ್ಲೂ ಹೊಡೆದೇನು, ಹೊಡೆದಾಯಿತು ಕೂಡ, ಕಿರುಬೆರಳು ಎಂಟರ್ ಮೇಲೆ ಇಳಿಯುತ್ತಿದೆ, ಕಣ್ಣು ಸುಮ್ಮನೆ ಒಮ್ಮೆ ಪರದೆಗೆ — ರೀಬೂಟ್. ಮಾನಿಟರಿನ ಪ್ರಾಂಪ್ಟಿನ ಮುಂದೆ, ಸ್ಪಷ್ಟವಾಗಿ, ರೀಬೂಟ್. ಯಾರು ಬರೆದದ್ದು, ಇವೇ ಬೆರಳು, ರಾಮಮೋಹನ್ ಕೂಗಿದ್ದನ್ನು ಅವಳನ್ನು ಕೇಳದೆಯೇ ಬರೆದಿವೆ, ಶಿವನೇ, ಅಳಿಸು, ಒಂದೊಂದೇ ಅಕ್ಷರ, ಪೂರ್ತಿ ಅಳಿಸು, ಈಗ ಓದಿ ಓದಿ ಬರಿ, ವಿಪಾರ್‌ಲೋಡ್, ಡಿಸ್ಚಾರ್ಜ್, ಇನ್ನೊಮ್ಮೆ ಓದು, ಒತ್ತು — ಸಾಲುಗಳು ಸರಸರ ಇಳಿಯುತ್ತಿವೆ, ಲಾಗಿನ್ ಬಂತು, ರಾಮಮೋಹನ್, ಶಭಾಷ್ ಅಮ್ಮಾ, ರೀಬೂಟ್ ಅಂದೆನಲ್ಲಾ, ನೋಡಿದ್ಯಾ, ಹ್ಞೂಂ ಸರ್, ಫೋನು ಗುಂಯ್ ಅಂತು, ಫಣಿ, ರಿಪೋರ್ಟ್ ಬಂತು ಕಣೇ, ಬ್ಯಾಗ್ ಒಳಗೆ ಹೋಯ್ತು, ನೀನಿದ್ದೆ ಅಂತ ಧೈರ್ಯ — ಉತ್ತರ ಬರೆಯಬೇಕು, ಬೆರಳು ಏಳುತ್ತಿಲ್ಲ, ಗೆದ್ದದ್ದೇ ಅಲ್ಲವೇ, ಎಲ್ಲ ಸರಿಹೋಯಿತಲ್ಲ, ನಗಬೇಕು, ಗೋಪಾಲಕೃಷ್ಣನಿಗೆ ನಕ್ಕ ಹಾಗೆ — ಎಳೆಗಳನ್ನು ಸರಿಸಿ ಹಿಡಿದ ಆ ಕಿರುಬೆರಳು, ಉಂಗುರವಿಲ್ಲದ್ದು, ಮತ್ತೆ ಈ ಕಿರುಬೆರಳು, ಆಗ ಎಂಟರ್ ಮೇಲೆ, ಇನ್ನೇನು ತಾಗಬೇಕಿತ್ತು, ಈ ಕಿರುಬೆರಳು