ಬೆಲ್ಟಿಗೆ ಬಿಟ್ಟ ಎಣ್ಣೆ

ಮೂರನೆಯ ದೋಸೆ ಕಾವಲಿಯ ಮೇಲಿದ್ದಾಗ ಗಂಡ ದೇವರಾಜ ಅಂಗಳದಿಂದ ಕರೆದ. ರೂಪಾ ಸೆರಗು ಸಿಕ್ಕಿಸಿಕೊಂಡು ಹೋಗಿ ಕಾರು ದೂಡಿದಳು. ಒಂದು ತಿಂಗಳಿಂದ ಇದು ದೋಸೆಗೂ ಚಟ್ನಿಗೂ ನಡುವಿನ ಕೆಲಸವಾಗಿತ್ತು. ದೂಡಲು ಬಲ ಸಾಕು, ಸ್ಟೇರಿಂಗಿಗೆ ತಿಳಿವಳಿಕೆ ಬೇಕು ಎಂಬುದು ದೇವರಾಜನ ಅಭಿಪ್ರಾಯ. ರೂಪಾಳ ಲೈಸೆನ್ಸು ಎರಡು ವರ್ಷದಿಂದ ಸೀರೆಗಳ ಕೆಳಗಿತ್ತು.

ಕಾರು ಅವಳ ಅಪ್ಪ ಜಟ್ಟಿಯದು. ಕಡಲ ಬದಿಯ ಬಾಡ ಊರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವನು, ಕಣ್ಣು ಮಂಜಾದ ಮೇಲೆ ಹಳೆಯ ಮಾರುತಿಯನ್ನು ಮಗಳ ಹೆಸರಿಗೆ ಮಾಡಿ, ಹತ್ಯಾರದ ಪೆಟ್ಟಿಗೆ ಸಮೇತ ಮಾವಳ್ಳಿಯ ಅವಳ ಗಂಡನ ಮನೆಗೆ ಕಳಿಸಿದ್ದ.

ಎಂಜಿನ್ ಶುರುವಾಯಿತು. ದೇವರಾಜ ಕೆಳಗಿಳಿದು, ಇವತ್ತು ಬಸ್ಸಿಗೇ ಹೋಗುತ್ತೇನೆ ಎಂದ. ಹೊಸ ಬ್ಯಾಟರಿಯೂ ವಾರದಲ್ಲಿ ಸತ್ತಿತು, ಇದರ ಆಯುಷ್ಯ ಮುಗಿಯಿತು, ಸಂಜೆ ಹೊನ್ನಾವರದಿಂದ ಗುಜರಿಯ ಕೃಷ್ಣಾನಂದ ಬಂದು ನೋಡುತ್ತಾನೆ ಎಂದೂ ಹೇಳಿದ.

"ಹತ್ತು ಮಿನಿಟು ಓಡ್ಲಿ, ಚಾರ್ಜ್ ಆಗ್ತದೆ. ಆಮೇಲೆ ಬಂದ್ ಮಾಡು."

ಕಾರು ಗುಜರಿಗೆ ಹೋಗುತ್ತದೆ ಎಂಬ ವಿಷಯ ಅವಳಿಗೆ ತಿಳಿದದ್ದು ಹೀಗೆ. ಒಳಗೆ ದೋಸೆ ಸೀದುಹೋಗಿತ್ತು. ಅದನ್ನು ನಾಯಿಗೆ ಹಾಕಿ, ಅಪ್ಪನ ಪೆಟ್ಟಿಗೆಯಿಂದ ಕರೆಂಟು ಅಳೆಯುವ ಮೀಟರು ತೆಗೆದಳು. ಸಣ್ಣವಳಿದ್ದಾಗ ಅಪ್ಪನಿಗೆ ಟಾರ್ಚು ಹಿಡಿಯುವುದು ಅವಳ ಪಾಲಿನ ಕೆಲಸ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಹದಿನಾಲ್ಕು ವೋಲ್ಟ್ ತೋರಿಸಬೇಕು. ಮೀಟರು ಹನ್ನೆರಡನ್ನೂ ಮುಟ್ಟಲಿಲ್ಲ. ಇಂಥ ಹೊತ್ತಿನಲ್ಲಿ ಅಪ್ಪ, ಹಸಿದವರನ್ನು ಬದಲಿಸಬೇಡ, ಬಡಿಸುವವರನ್ನು ನೋಡು ಎನ್ನುತ್ತಿದ್ದ.

ಎಂಜಿನ್ ನಿಲ್ಲಿಸಿ, ಬ್ಯಾಟರಿಗೆ ಚಾರ್ಜು ಬಡಿಸುವ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟನ್ನು ಒತ್ತಿದಳು. ಸಡಿಲವಿತ್ತು. ಹೆಬ್ಬೆರಳು ಜಾರಿತು. ಮೂಸಿ ನೋಡಿದಳು.

ಅತ್ತೆ ತಿಮ್ಮಕ್ಕ ಜಗುಲಿಯಿಂದ ಇಳಿದು ಬಂದಳು. "ಎಂತದೆ ಅದು?"

"ತೆಂಗಿನೆಣ್ಣೆ, ಅತ್ತೆ. ನಿಮ್ಮ ತಲೆಗೆ ಹಚ್ಚೂದು."

ತಿಮ್ಮಕ್ಕನೂ ಮೂಸಿದಳು. ಹೋದ ತಿಂಗಳು ಅವಳ ಎಣ್ಣೆ ಬಾಟಲಿ ಅರ್ಧ ಖಾಲಿಯಾಗಿ, ರೂಪಾಳ ವಿಚಾರಣೆ ನಾಲ್ಕು ದಿನ ನಡೆದಿತ್ತು. ಅದೇ ವಾರ ದೇವರಾಜ, ಬೆಲ್ಟು ಕಿರುಗುಟ್ಟುತ್ತದೆಂದು ಬಾಗಿಲ ತಿರುಗಣಿಗೆ ಬಿಡುವಂತೆ ಎಣ್ಣೆ ಬಿಟ್ಟಿದ್ದ. ಶಬ್ದ ನಿಂತದ್ದನ್ನು ಎಲ್ಲರನ್ನೂ ಕರೆದು ಕೇಳಿಸಿದ್ದ. ಅಂದಿನಿಂದ ಬೆಲ್ಟು ಸದ್ದಿಲ್ಲದೆ ಜಾರುತ್ತಿತ್ತು, ಬ್ಯಾಟರಿ ಉಪವಾಸವಿತ್ತು.

"ನನ್ನ ತಲೆಗೇ ಸಾಲೂದಿಲ್ಲ. ಇಂವ ಕಾರಿಗೆ ಅಭ್ಯಂಜನ ಮಾಡ್ಸಿದ್ದ," ಎಂದು ತಿಮ್ಮಕ್ಕ ಹೇಳಿ, ಒಳಗೆ ಹೋಗಿ ಸಾಬೂನು ನೀರು ತಂದುಕೊಟ್ಟಳು.

ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ಅಪ್ಪ ಇಟ್ಟಿದ್ದ ಹೊಸ ಬೆಲ್ಟು ಪೇಪರಿನಲ್ಲಿ ಸುತ್ತಿದಂತೆಯೇ ಇತ್ತು. ರೂಪಾ ಬೋಲ್ಟು ಸಡಿಲಿಸಿ ಹಳೆಯದನ್ನು ಕಳಚಿದಳು. ಬೆಲ್ಟು ಸುತ್ತುವ ಪುಲ್ಲಿಗಳ ಜಿಡ್ಡು ತೊಳೆದು ಒರೆಸಿ ಹೊಸದನ್ನು ಹಾಕಿದಳು. ಗುದ್ದಲಿಯ ಮರದ ಕಾವಿನಿಂದ ಆಲ್ಟರ್ನೇಟರನ್ನು ಮೀಟಿ ಹಿಡಿದು, ಬೆಲ್ಟು ಬಿಗಿಯಾದ ಮೇಲೆ ಬೋಲ್ಟು ತಿರುಗಿಸಿದಳು. ಆಮೇಲೆ ಕಾರನ್ನು ಇಳಿಜಾರಿಗೆ ದೂಡಿ, ಹಾರಿ ಕುಳಿತು, ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟಳು. ಈ ಸಲ ಮೀಟರು ಹದಿನಾಲ್ಕು ದಾಟಿತು. ಬ್ಯಾಟರಿ ತುಂಬಬೇಕಲ್ಲ ಎಂದು ಮುರ್ಡೇಶ್ವರದವರೆಗೆ ಮೂರು ಸಲ ಹೋಗಿ ಬಂದಳು. ಒಂದು ಸಲ ಸಾಕಾಗುತ್ತಿತ್ತೇನೋ.

ಸಂಜೆ ಕೃಷ್ಣಾನಂದ ಬಂದ. ಗಾಡಿ ಹೇಗೆ ಸತ್ತಿದೆ ಎಂದು ತೋರಿಸಲು ದೇವರಾಜ ಕೀ ತಿರುಗಿಸಿದ. ಒಂದೇ ಸಲಕ್ಕೆ ಶುರುವಾಯಿತು. ಅವನು ಎಂಜಿನ್ ಬಂದ್ ಮಾಡಿ ಕೆಳಗಿಳಿದ. ಕೃಷ್ಣಾನಂದನಿಗೆ, ಇದು ಓಡುವ ಗಾಡಿ, ಗುಜರಿಯ ಮಾತು ಬೇಡ, ಓಡಿಸುವ ಗಿರಾಕಿಯನ್ನು ಕರೆದುಕೊಂಡು ಬನ್ನಿ ಎಂದ.

ಕಾರನ್ನು ಮಾರಾಟಕ್ಕೆ ತಯಾರು ಮಾಡಿಕೊಟ್ಟದ್ದು ತಾನೇ ಎಂದು ಬಾಗಿಲಲ್ಲಿದ್ದ ರೂಪಾಳಿಗೆ ಆಗ ಅರ್ಥವಾಯಿತು.

ಗಾಡಿಯ ಆರ್.ಸಿ. ಯಾರ ಹೆಸರಲ್ಲಿದೆ ಎಂದು ಕೃಷ್ಣಾನಂದ ಕೇಳಿದ.

"ಇವ್ಳ ಹೆಸ್ರಲ್ಲೆ. ನಾಳೆ ಹನ್ನೊಂದಕ್ಕೆ ಬನ್ನಿ, ಸಹಿ ಹಾಕ್ತಾಳೆ," ಎಂದ ದೇವರಾಜ.

ತಿಮ್ಮಕ್ಕ ಸೊಸೆಯ ಮುಖ ನೋಡಿದಳು. ರೂಪಾ ಚಾ ಕೊಟ್ಟು ಒಳಗೆ ಹೋದಳು. ಸೀರೆಗಳ ಕೆಳಗಿನಿಂದ ಲೈಸೆನ್ಸನ್ನೂ ಆರ್.ಸಿ.ಯನ್ನೂ ತೆಗೆದು ಪರ್ಸಿನಲ್ಲಿಟ್ಟಳು. ಬಾಡಕ್ಕೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದಳು. ಏಳಕ್ಕೆ ಕಾರು ತೆಗೆದುಕೊಂಡು ಹೊರಟರೆ, ಕೃಷ್ಣಾನಂದ ಬರುವ ಹನ್ನೊಂದಕ್ಕೆ ಅಪ್ಪನ ಅಂಗಳದಲ್ಲಿ ಊಟದ ಮಾತೇ ಶುರುವಾಗಿರುತ್ತದೆ. ಸಂಜೆ ಅದೇ ಕಾರಿನಲ್ಲಿ ವಾಪಸು.

ನಾಳೆ ಬೆಳಿಗ್ಗೆಗೆ ಎಂತ ಎಂದು ತಿಮ್ಮಕ್ಕ ಅಡುಗೆಮನೆಯಿಂದ ಕೇಳಿದಳು.

"ದೋಸೆಯೇ, ಅತ್ತೆ. ಬೇಗ ಎರೆದಿಡ್ತೆ."