ಕೂತವನನ್ನು ಎಬ್ಬಿಸುವ ಶಾಸ್ತ್ರ

ಬದರೀನಾರಾಯಣನ ಮಂಡಿಗಳು ವಯಸ್ಸಿನಲ್ಲಿ ಅವನಿಗಿಂತ ತುಂಬಾ ಹಿರಿಯವು. ಏಳು ವರ್ಷದ ಹುಡುಗನಿಗೆ ಇದು ಮಕ್ಕಳ ಸಂಧಿವಾತ ಅಂತ ಡಾಕ್ಟರು ಹೇಳುವಷ್ಟರಲ್ಲಿ, ಬಸವನಗುಡಿಯ ನೆಂಟರಿಷ್ಟರೆಲ್ಲ ಸೇರಿ ಅದಕ್ಕೆ 'ಸ್ಕೂಲಿಗೆ ಚಕ್ಕರ್ ಹೊಡೆಯುವ ನಾಟಕ' ಅಂತ ನಾಮಕರಣ ಮಾಡಿ ಮುಗಿಸಿದ್ದರು. ಓರಗೆಯವರು ಕ್ರಿಕೆಟ್ ಆಡುವಾಗ ಇವನು ಪಾರ್ಕಿನ ಬೆಂಚಿನಲ್ಲಿ ಪಿಂಚಣಿದಾರರ ಪಕ್ಕ ಕೂತು, ನೋವಿಗೆ ಯಾವ ಎಣ್ಣೆ ಒಳ್ಳೆಯದು ಅಂತ ಚರ್ಚೆ ಮಾಡುತ್ತಿದ್ದ. ಆ ಮುದಿ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು, ಬೆಂಚು ಇವನ ಪಾಲಿಗೆ ಉಳಿಯಿತು. ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಮನೆಯವರು ಹೋದರೆ ಇವನಿಗೆ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕಾಯುವ ಹುದ್ದೆ. ಅದರಲ್ಲಿ ತನ್ನಷ್ಟು ಸರ್ವಿಸ್ ಆದವರು ಬೆಂಗಳೂರಿನಲ್ಲೇ ಇಲ್ಲ ಅಂತ ಅವನೇ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಈಗ ತಂಗಿ ಮೈತ್ರೇಯಿಯ ಮದುವೆ, ಚಾಮರಾಜಪೇಟೆಯ ಛತ್ರದಲ್ಲಿ. ಲಾಜಾಹೋಮದ ಹೊತ್ತಿಗೆ ಮದುಮಗಳ ಬೊಗಸೆಗೆ ಅರಳು ತುಂಬುವುದು ಅಣ್ಣನ ಕೆಲಸ. ಆ ಕೆಲಸ ತನ್ನ ಕೈಯಿಂದಲೇ ಆಗಬೇಕು ಅಂತ ಬದರಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡು ಕಾದಿದ್ದ. ಸ್ಕೂಲಿನಲ್ಲಿ ಅವನ ಬ್ಯಾಗ್ ಹೊತ್ತವಳು ಅವಳು. ಪ್ರಾರ್ಥನೆ ಮುಗಿದ ಕೂಡಲೇ ತನ್ನ ಸಾಲು ಬಿಟ್ಟು ಓಡಿಬಂದು ಅಣ್ಣನನ್ನು ನೆಲದಿಂದ ಎಬ್ಬಿಸುತ್ತಿದ್ದವಳೂ ಅವಳೇ. ಒಂದೇ ಒಂದು ಸಲ ಕೊಡುವ ಕೈ ತನ್ನದಾಗಲಿ ಅನ್ನುವುದು ಅವನ ಆಸೆ.

ಚಿಕ್ಕಮ್ಮ ಶೈಲಜಮ್ಮನಿಗೆ ನಂಬಿಕೆಯಿರಲಿಲ್ಲ. ಯಾತಕ್ಕೂ ಇರಲಿ ಅಂತ ತಮ್ಮ ಮಗ ರಾಘವನಿಗೂ ಪಂಚೆ ಉಡಿಸಿ ಮಂಟಪದ ಪಕ್ಕದಲ್ಲೇ ನಿಲ್ಲಿಸಿದ್ದರು. ರಾಘವ ದಿನಾ ಜಿಮ್ಮಿಗೆ ಹೋಗುವವನು. ಅವನು ಸಲೀಸಾಗಿ ಕುಕ್ಕರಗಾಲಲ್ಲಿ ಕೂರುವುದನ್ನು ನೋಡಿದರೆ ಬದರಿಗೆ ಹೊಟ್ಟೆ ಉರಿಯುತ್ತಿತ್ತು.

ಆ ಹೊಟ್ಟೆ ಉರಿಯೇ ಎಡವಟ್ಟಿಗೆ ಮೂಲ. ಪುರೋಹಿತರು ನಿಂತೇ ಹಾಕಬಹುದು, ಏನೂ ದೋಷವಿಲ್ಲ ಅಂದರು. ಬೆಳಿಗ್ಗೆ ನುಂಗಿದ ಮಾತ್ರೆಯ ಧೈರ್ಯದ ಮೇಲೆ ಬದರಿ ರಾಘವನ ಕಡೆ ಒಂದು ನೋಟ ಬೀರಿ, "ಬೇಡಿ ಶಾಸ್ತ್ರಿಗಳೇ, ಕೂತೇ ಹಾಕ್ತೀನಿ" ಅಂದುಬಿಟ್ಟ. ಮಣೆಯ ಮೇಲೆ ಕೂರುವಾಗ ಮಂಡಿ ಲಟಲಟ ಅಂದಿತು. ಸೊಟ್ಟ ಬೆರಳುಗಳ ಸಂದಿಯಿಂದ ಒಂದಷ್ಟು ಅರಳು ಚೆಲ್ಲಿದರೂ ತಂಗಿಯ ಬೊಗಸೆ ತುಂಬಿತು. ಅವಳು ಅಣ್ಣನ ಮುಖ ನೋಡಿ ನಕ್ಕಳು. ಬದರಿಗೆ ಎದೆ ಉಬ್ಬಿಹೋಯಿತು.

ಸಪ್ತಪದಿಯೂ ಆಯಿತು. ಎಲ್ಲರೂ ಎದ್ದರು. ಬದರಿ ಏಳಲಿಲ್ಲ, ಏಳಲು ಆಗಲಿಲ್ಲ. ಮಂಡಿಗಳು ತಾವು ಬೇರೆ ಪಾರ್ಟಿ ಅನ್ನುವ ಹಾಗೆ ಮುಷ್ಕರ ಹೂಡಿದ್ದವು. ಅವನು ಮುಖದ ಮೇಲೆ ಒಂದು ಗಾಂಭೀರ್ಯ ತಂದುಕೊಂಡು ಅಗ್ನಿಯನ್ನೇ ನೋಡುತ್ತ ಕೂತ.

ಅಷ್ಟರಲ್ಲಿ ಪುರೋಹಿತರು ದೊಡ್ಡವರಿಗೆಲ್ಲ ನಮಸ್ಕಾರ ಮಾಡಿ ಅಂದರು. ಹತ್ತಿರದಲ್ಲಿ ಕೂತಿದ್ದ ದೊಡ್ಡವನು ಇವನೇ. ಮದುಮಕ್ಕಳು ಬಗ್ಗಿದರು. ಅದನ್ನು ನೋಡಿ, ಅರಳು ಹಾಕಿದವನಿಗೆ ನಮಸ್ಕರಿಸುವ ಪದ್ಧತಿ ಇರಬೇಕು ಅಂದುಕೊಂಡು ಶೈಲಜಮ್ಮ ಕಿರಿಯರನ್ನೆಲ್ಲ ಸಾಲಾಗಿ ಕಳಿಸಿದರು. ಗಂಡಿನ ಕಡೆಯ ಹುಡುಗರೂ ಸಾಲು ಸೇರಿದರು. ರಾಘವನೂ ಬಂದು ಕಾಲಿಗೆ ಬಿದ್ದ. ಬದರಿ ಎಲ್ಲರಿಗೂ ಅಕ್ಷತೆ ಹಾಕಿ, ಆಯುರಾರೋಗ್ಯ ಸಿಗಲಿ ಅಂತ ಧಾರಾಳವಾಗಿ ಹರಸಿದ. ಆರೋಗ್ಯ ಹಂಚಲು ತನಗಿಂತ ಯೋಗ್ಯ ಇನ್ಯಾರು ಅಂತ ಒಳಗೊಳಗೇ ನಗು ಬರುತ್ತಿತ್ತು, ಕಣ್ಣಲ್ಲಿ ನೋವಿಗೆ ನೀರೂ ಬರುತ್ತಿತ್ತು.

ಸಾಲು ಮುಗಿಯಿತು. ಆಗಲೂ ಕೂತೇ ಇದ್ದ. ಏನೋ ಅನುಮಾನ ಬಂದ ಮದುಮಗ ಕೈಲಾಸ್ ಪಾಪ, ಒಳ್ಳೆಯ ಮನಸ್ಸಿನಿಂದ ಇವನ ಕೈ ಹಿಡಿದು ಎಳೆದ. ಮಣಿಕಟ್ಟಿನ ನೋವಿಗೆ "ಅಮ್ಮಾ" ಅನ್ನುವ ಕೂಗು ಪುರೋಹಿತರ ಮೈಕಿನಲ್ಲಿ ಇಡೀ ಛತ್ರಕ್ಕೆ ಕೇಳಿಸಿತು.

ಮೈತ್ರೇಯಿ ಗಂಡನ ಕೈ ಬಿಡಿಸಿದಳು. ಧಾರೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಅಣ್ಣನಿಗೆ ಬೆನ್ನು ತಿರುಗಿಸಿ, ಮಂಡಿ ಬಗ್ಗಿಸಿ ನಿಂತಳು, ಸ್ಕೂಲಿನಲ್ಲಿ ನಿಲ್ಲುತ್ತಿದ್ದ ಹಾಗೇ.

"ಭುಜ ಹಿಡ್ಕೊ."

"ಎಲ್ಲಾ ನೋಡ್ತಿದಾರೆ ಕಣೇ."

"ಯಾವತ್ತು ನೋಡ್ಲಿಲ್ಲ ಹೇಳು?"

ಬದರಿ ಭುಜ ಹಿಡಿದು ಎದ್ದ. ಇದೂ ಒಂದು ಶಾಸ್ತ್ರವೇ ಅಂದುಕೊಂಡ ಫೋಟೋದವನು, ಬೆಳಕು ಸರಿಹೋಗಲಿಲ್ಲ, ಇನ್ನೊಂದು ಸಲ ಕೂತು ಏಳಿ ಅಂತ ಕೇಳಿದ.

ಸಂಜೆ ಹೆಣ್ಣೊಪ್ಪಿಸುವ ಹೊತ್ತು. ಅಮ್ಮ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು, ಚೆನ್ನಾಗಿ ನೋಡಿಕೊಳ್ಳಿ ಅಂತ ಅತ್ತಳು. ಎಲ್ಲರೂ ಅತ್ತರು. ಬದರಿ ಮಾತ್ರ ಕಂಬಕ್ಕೆ ಒರಗಿ, ಎಲ್ಲರನ್ನೂ ನಗಿಸಲು ತನ್ನ ಮೇಲೆಯೇ ಒಂದು ಜೋಕು ಹುಡುಕುತ್ತಿದ್ದ. ಕಾರು ಹತ್ತುವ ಮೊದಲು ಮೈತ್ರೇಯಿ ರಾಘವನನ್ನು ಕರೆದು ಅಣ್ಣನ ಮುಂದೆ ನಿಲ್ಲಿಸಿದಳು.

"ರಾಘು, ಇವನು ಏಳೋವಾಗ ಕೈ ಎಳೀಬೇಡ. ಬೆನ್ನು ಕೊಟ್ಟು ನಿಂತ್ಕೊ, ಅವನೇ ಏಳ್ತಾನೆ. ನಾಟಕ ಅಂತ ಯಾರಾದ್ರೂ ಅಂದ್ರೆ ನಂಗೆ ಫೋನ್ ಮಾಡು."

ಒಪ್ಪಿಸಿಕೊಟ್ಟದ್ದು ತನ್ನನ್ನು ಅಂತ ಬದರಿಗೆ ಗೊತ್ತಾಯಿತು. ಹುಡುಕುತ್ತಿದ್ದ ಜೋಕು ಸಿಗಲಿಲ್ಲ. ಕಾರು ಹೊರಟಿತು. ರಾಘವ ಗಾಬರಿಯಲ್ಲಿ ಆಗಲೇ ಬೆನ್ನು ತಿರುಗಿಸಿ, ಮಂಡಿ ಬಗ್ಗಿಸಿ ನಿಂತುಬಿಟ್ಟಿದ್ದ, ಬದರಿ ನೆಟ್ಟಗೆ ನಿಂತೇ ಇದ್ದರೂ. ಬದರಿ ಆ ಭುಜದ ಮೇಲೆ ತಲೆಯಿಟ್ಟು ಅತ್ತ.